ಮಂಡಿಯಲ್ಲಿ ಸಿಕ್ಕಿಕೊಂಡ ದವಡೆ

ನಗೆಪಾಟಲು ಅನ್ನೋದು ನಮ್ಮ ಮನೆಗೆ ಹಾಲಿನವನ ಹಾಗೆ. ಕರೆಯೋದೇ ಬೇಡ, ತಪ್ಪದೆ ಬಂದು ಬಾಗಿಲು ತಟ್ಟುತ್ತೆ. ಬೇರೆಯವರಿಗೆ ನೋವು ಬಂದರೆ ನೋಡೋಕೆ ಬಂದವರು ಕಣ್ಣು ಒರೆಸಿಕೊಂಡು ಹೋಗ್ತಾರೆ. ನನಗೆ ನೋವು ಬಂದರೆ ನೋಡೋಕೆ ಬಂದವರು ಹೊಟ್ಟೆ ಹಿಡಿದುಕೊಂಡು ಹೋಗ್ತಾರೆ. ಅದರಲ್ಲೂ ಈ ದವಡೆ ನೋವು ಬಂತಲ್ಲ, ಅಬ್ಬಬ್ಬಾ! ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ಊರನ್ನು ಒಂದು ಸುತ್ತು ನಗಿಸಿಯೇ ಹೋಯ್ತು.

ನಾನಿರೋದು ಮುಳಬಾಗಿಲಲ್ಲಿ. ಕೆಲಸ ಕೋಲಾರದ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗೋದು. ರೈತರು ತಂದ ಹಣ್ಣನ್ನು ಕ್ರೇಟುಗಳಲ್ಲಿ ತುಂಬಿ ಸಾಲಾಗಿ ಜೋಡಿಸಿರ್ತಾರೆ. ಬೋರಲು ಹಾಕಿದ ಒಂದು ಖಾಲಿ ಕ್ರೇಟಿನ ಮೇಲೆ ನಾನು ಹತ್ತಿ ನಿಲ್ಲಬೇಕು. ಸುತ್ತ ನಿಂತ ವ್ಯಾಪಾರಿಗಳ ಕಣ್ಣು, ಹುಬ್ಬು, ಬೆರಳು ನೋಡ್ತಾ ನೋಡ್ತಾ ಗಂಟಲು ಹರಿಯೋ ಹಾಗೆ ಕೂಗಿ ಬೆಲೆ ಏರಿಸಬೇಕು. ಕನ್ನಡ, ತೆಲುಗು, ಉರ್ದು, ಎಲ್ಲ ಒಂದೇ ಉಸಿರಲ್ಲಿ. ಬಡಗಿಗೆ ಉಳಿ, ದರ್ಜಿಗೆ ಕತ್ತರಿ, ನನಗೆ ಬಾಯಿ. ಅಂಥ ಬಾಯಿಯ ಕೀಲೇ ಕೆಟ್ಟರೆ ಏನಾಗುತ್ತೆ ಅಂತ ಈಗ ಹೇಳ್ತೀನಿ.

ಬಾಯಿ ಬಿಟ್ಟ ಭಾಗ್ಯ

ಮೊದಮೊದಲು ಅದು ಬರೀ ಸದ್ದು. ಬಾಯಿ ತೆರೆದಾಗಲೆಲ್ಲ ಕಿವಿಯ ಮುಂದೆ, ದವಡೆ ಬಂದು ಸೇರೋ ಜಾಗದಲ್ಲಿ, 'ಟಕ್' ಅಂತಿತ್ತು. ಹಳೇ ಬಾಗಿಲು ಕಿರ್ ಅನ್ನಲ್ವಾ, ಹಾಗೇ ಅಂದುಕೊಂಡು ಸುಮ್ಮನಾದೆ. ಆಮೇಲೆ ನೋವು ಶುರುವಾಯ್ತು. ಅದಕ್ಕೂ ಸುಮ್ಮನಾದೆ. ಸೀಸನ್ನು ಜೋರಾಗಿತ್ತು, ಸುಮ್ಮನಾಗದೆ ಗತಿ ಇರಲಿಲ್ಲ.

ಒಂದು ಬೆಳಿಗ್ಗೆ ದೇವರಾಯಸಮುದ್ರದ ರೈತರೊಬ್ಬರು ಹಣ್ಣು ತಂದಿದ್ದರು. ಹಣ್ಣು ಸುಮಾರಾಗಿತ್ತು. ಕೊಳ್ಳೋಕೆ ಪೈಪೋಟಿಗೆ ಇದ್ದವರು ಇಬ್ಬರೇ: ಒಬ್ಬರು ನಮ್ಮ ಮುಳಬಾಗಿಲಿನವರೇ ಆದ ಭಾಯ್, ನನ್ನ ಹಳೇ ಸ್ನೇಹಿತರು, ಇನ್ನೊಬ್ಬ ಆಂಧ್ರದ ಕಡೆಯ ವ್ಯಾಪಾರಿ. ಇಬ್ಬರೂ ಒಂದು ಹಂತಕ್ಕೆ ಬಂದು ನಿಂತುಬಿಟ್ಟರು. ಸರಿ, ಮುಗಿಸೋಣ ಅಂತ "ಒಂದ್ಸಲಾ!" ಅಂದೆ. "ಎರಡ್ಸಲಾ..." ಅಂದೆ. ಅಷ್ಟೇ! ಆ 'ಲಾ' ಅನ್ನೋ ಕಡೆ ಬಾಯಿ ಅಗಲವಾಗಿ ತೆರೆದಿತ್ತು ನೋಡಿ, ಅಲ್ಲೇ ಸಿಕ್ಕಿಕೊಂಡಿತು. ಮುಚ್ಚೋಕೆ ಬರ್ತಿಲ್ಲ!

ಮಂಡಿಯ ಕಾನೂನು ನಿಮಗೆ ಗೊತ್ತಿರಬೇಕು. 'ಮೂರ್ಸಲ' ಅನ್ನೋವರೆಗೂ ಹರಾಜು ಮುಗಿದ ಹಾಗಲ್ಲ. ನಾನು 'ಮೂರ್ಸಲ' ಅನ್ನೋದು ಹೇಗೆ? ಬಾಯಿ ಗುಹೆ ಥರ ತೆರೆದಿದೆ, ಕಣ್ಣಲ್ಲಿ ನೀರು ಬರ್ತಿದೆ. ಕಾಪಾಡಿ ಅಂತ ಭಾಯ್ ಕಡೆ ಕೈ ಬೀಸಿದೆ. 'ಇವನು ಇನ್ನೂ ಕೇಳ್ತಿದ್ದಾನೆ' ಅಂದುಕೊಂಡು ಅವರು ಬೆಲೆ ಏರಿಸಿದರು. ಅಯ್ಯೋ, ನೀವಾದರೂ ನೋಡಿ ಅಂತ ಆ ಕಡೆ ವ್ಯಾಪಾರಿಗೆ ಕೈ ಬೀಸಿದೆ. ಅವನೂ ಏರಿಸಿದ! ಎರಡೂ ಕೈ ಎತ್ತಿ 'ಬೇಡ, ಬೇಡ' ಅಂದೆ. ಇಬ್ಬರೂ ಒಟ್ಟಿಗೇ ಏರಿಸಿದರು! ಪಕ್ಕದ ಮಂಡಿಯವರೆಲ್ಲ ಓಡಿಬಂದರು. ಇಷ್ಟು ಹೊತ್ತು ಹಿಡಿದು ನಿಲ್ಲಿಸಿದ್ದಾನೆ ಅಂದರೆ ಹಣ್ಣಲ್ಲಿ ಏನೋ ವಿಶೇಷ ಇರಬೇಕು ಅಂತ ಅವರಲ್ಲೂ ಒಬ್ಬಿಬ್ಬರು ಬೆರಳೆತ್ತಿದರು.

ಕೊನೆಗೆ ಎರಡೂ ಕೆನ್ನೆಗೆ ಅಂಗೈ ಒತ್ತಿ ಮೆಲ್ಲಗೆ ಅಲ್ಲಾಡಿಸಿದೆ. 'ಟಕ್' ಅಂತು. "ಮೂರ್ಸಲ!" ಅಂದು ಕ್ರೇಟಿನಿಂದ ಇಳಿದು ಕೂತುಬಿಟ್ಟೆ. ಆ ದಿನ ಇಡೀ ಮಾರುಕಟ್ಟೆಯಲ್ಲಿ ಅಷ್ಟು ಬೆಲೆ ಇನ್ನು ಯಾರ ಹಣ್ಣಿಗೂ ಸಿಗಲಿಲ್ಲ.

ಮಾರನೇ ದಿನ ಬೆಳಕು ಹರಿಯೋದರೊಳಗೆ ಅದೇ ರೈತರು ತಮ್ಮೂರಿನ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು ನನ್ನ ಮುಂದೆ ನಿಂತಿದ್ದರು. ಎಲ್ಲರ ಹತ್ತಿರವೂ ಹಣ್ಣಿತ್ತು. ಕೈ ಮುಗಿದು ಹೇಳಿದರು: "ಅಣ್ಣಾ, ಕೂಗೋದೇನೂ ಬೇಡ. ನಿನ್ನೆ ಬಾಯಿ ಬಿಟ್ಕೊಂಡು ನಿಂತಿದ್ರಲ್ಲ, ಅಷ್ಟು ಮಾಡಿ ಸಾಕು."

ಚಿನ್ನದ ಕಿವಿ

ನೋವು ದಿನದಿನಕ್ಕೂ ಹೆಚ್ಚಾಯ್ತು. ಕಿವಿಯೊಳಗೆ ಯಾರೋ ಸೂಜಿ ಇಟ್ಟು ತಿರುವಿದ ಹಾಗೆ. ಮುದ್ದೆ ನುಂಗಬಹುದಿತ್ತು, ಪುಣ್ಯಕ್ಕೆ ಅದನ್ನು ಅಗಿಯೋ ಹಾಗಿಲ್ಲ. ಆದರೆ ರೊಟ್ಟಿ, ಚಪಾತಿ ಕಂಡರೆ ಶತ್ರುವನ್ನು ಕಂಡ ಹಾಗಾಗ್ತಿತ್ತು. ನೋಯೋದು ಕಿವಿ ಅಂದಮೇಲೆ ಕೋಲಾರದಲ್ಲಿ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಲೈಟು ಬಿಟ್ಟು, ಆ ಕಿವಿ ಈ ಕಿವಿ ಎರಡರೊಳಗೂ ಬಗ್ಗಿ ನೋಡಿ, ಭಾರೀ ಖುಷಿಯಾಗಿ ಹೇಳಿದರು:

"ನಿಮ್ಮ ಕಿವಿ ಚಿನ್ನದ ಹಾಗಿದೆ ಕಣ್ರೀ!"

"ಸಾರ್," ಅಂದೆ, "ನಮ್ಮ ಜಿಲ್ಲೆಯ ಚಿನ್ನ ಅಗೆದು ಅಗೆದು ಮುಗಿದೇಹೋಯ್ತು ಅಂತಾರೆ. ನನ್ನ ಕಿವೀಲಿ ಒಂದಿಷ್ಟು ಉಳಿದಿದ್ರೆ ತೆಗೆದುಕೊಳ್ಳಿ. ನೋವು ಮಾತ್ರ ಬಿಡಿಸಿ."

ಅವರು ನಕ್ಕು, "ಹಲ್ಲು ತೋರಿಸಿ ನೋಡಿ" ಅಂದರು. ನಾನು ಅಲ್ಲೇ ಹಲ್ಲು ಕಿಸಿದೆ. "ನನಗಲ್ಲ ಮಾರಾಯ್ರೇ, ಹಲ್ಲಿನ ಡಾಕ್ಟರಿಗೆ!" ಅಂದರು.

ಮುಳಬಾಗಿಲಿಗೆ ವಾಪಸ್ ಬಂದು ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರದು ಪೊಲೀಸ್ ಗತ್ತು. ಕುರ್ಚಿಯಲ್ಲಿ ಮಲಗಿಸಿ, ಕಡ್ಡಿಯಲ್ಲಿ ಒಂದೊಂದೇ ಹಲ್ಲನ್ನು ತಟ್ಟಿ ವಿಚಾರಣೆ ಮಾಡಿದರು. ಕಡೆಯಲ್ಲಿದ್ದ ದವಡೆ ಹಲ್ಲಿನ ಹತ್ತಿರ ನಿಂತು, "ಸಿಕ್ಕಿಬಿದ್ದ! ಇವನೇ ಕಳ್ಳ!" ಅಂದರು. ಕಳ್ಳ ಸಿಕ್ಕಿದನಲ್ಲ ಅಂತ ನನಗೂ ಸಂತೋಷ. ಕಿತ್ತರು. ಹಲ್ಲು ಹೋಯ್ತು, ಕೆನ್ನೆ ಊದಿಕೊಂಡಿತು, ಊತ ಇಳಿಯಿತು. ಇಳಿದ ಮೇಲೆ ನೋಡಿದರೆ ಹಳೇ ನೋವು ಅದೇ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕೂತಿದೆ!

ಮತ್ತೆ ಹೋಗಿ ಹೇಳಿದೆ: "ಸಾರ್, ಕಳ್ಳನನ್ನ ಹಿಡಿದಿರಿ ಸರಿ. ಆದ್ರೆ ಕಳ್ಳತನ ನಿಂತಿಲ್ಲವಲ್ಲ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು. ಇಕ್ಕಳ ಕೈಗೆ ತಗೊಂಡು, "ಹಾಗಾದ್ರೆ ಜೊತೆಗೆ ಇನ್ನೊಬ್ಬ ಇದ್ದಾನೆ!" ಅಂದರು.

ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಎದ್ದು ಓಡಿದವನು ಮನೆ ತಲುಪೋವರೆಗೂ ನಿಲ್ಲಲಿಲ್ಲ.

ಅಳಿಯನ ಮುನಿಸು

ಮಾವಿನ ಕಾಲಕ್ಕೆ ಸರಿಯಾಗಿ ಗೌನಿಪಲ್ಲಿಯಿಂದ ಕರೆ ಬಂತು. ಅದು ನನ್ನ ಹೆಂಡತಿಯ ತವರು, ಶ್ರೀನಿವಾಸಪುರ ತಾಲ್ಲೂಕಿನ ಕೊನೆಯಲ್ಲಿ, ಆಂಧ್ರಕ್ಕೆ ಅಂಟಿಕೊಂಡ ಹಾಗಿದೆ. ಮನೆಮಾತು ತೆಲುಗು. ನಮ್ಮತ್ತೆಗೆ ಅಳಿಯ ಅಂದರೆ ಪಂಚಪ್ರಾಣ. ಆ ಪ್ರೀತಿಯನ್ನು ಅವರು ತೋರಿಸೋದು ಚಕ್ಕುಲಿ, ನಿಪ್ಪಟ್ಟು, ಕೋಡುಬಳೆಗಳ ಮೂಲಕ. ಎಲ್ಲಾ ಕಲ್ಲಿನ ಹಾಗೆ ಗಟ್ಟಿ, ಎಲ್ಲಾ ಬಾಯಿ ತುಂಬ.

ನಾವಿಬ್ಬರೂ ಹೋದ ದಿನ ನೋವು ಎಷ್ಟಿತ್ತು ಅಂದರೆ ಹಲ್ಲಿಗೆ ಹಲ್ಲು ಕಚ್ಚಿಕೊಂಡೇ ಇದ್ದೆ, ಬಿಡಿಸೋಕೆ ಬರ್ತಿರಲಿಲ್ಲ. ಹೆಂಡತಿ ಬಂದ ತಕ್ಷಣ ಹಿತ್ತಲ ಬಾಗಿಲಿಂದ ಗೆಳತಿಯ ಮನೆಗೆ ಹೋದಳು. ನನ್ನ ಮುಂದೆ ತಟ್ಟೆ ಬಂತು. ಬೇಡ ಅಂತ ಕೈ ಅಲ್ಲಾಡಿಸಿದೆ. ಅತ್ತೆಯ ಮುಖ ಚಿಕ್ಕದಾಯ್ತು.

"ಏಮಿ ಅಲ್ಲುಡೂ, ಕೋಪಮಾ?" ಅಂತ ಕೇಳಿದರು.

ಕೋಪ ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಕೋಪ ಇಲ್ಲ ಅಂತ ಬಾಯಿ ಬಿಟ್ಟು ಹೇಳದೆ ತಲೆ ಅಲ್ಲಾಡಿಸಿದರೆ ಅದೇ ದೊಡ್ಡ ಕೋಪ ತಾನೇ! ಅತ್ತೆ ಒಳಗೆ ಹೋಗಿ ಮಾವನವರ ಕಿವಿ ಕಚ್ಚಿದರು. ಮಾವ ಬಂದು ಕೂತರು. ಬೀದಿಯಿಂದ ಇಬ್ಬರು ಹಿರಿಯರು ಬಂದು ಕೂತರು. ಅಳಿಯನಿಗೆ ಯಾವುದರಲ್ಲಿ ಕೊರತೆಯಾಯ್ತು ಅಂತ ಪಂಚಾಯ್ತಿ ಶುರುವಾಯ್ತು. ಮದುವೆಯಲ್ಲಿ ನನಗೆ ಎರಡನೇ ಸಲ ಹೋಳಿಗೆ ಬಡಿಸದೆ ಹೋಗಿದ್ದರಂತೆ, ಅದು ಹೊರಗೆ ಬಂತು. ಒಂದು ವರ್ಷ ಹಬ್ಬಕ್ಕೆ ಕರೆಯೋಕೆ ತಡವಾಗಿತ್ತಂತೆ, ಅದೂ ಬಂತು. ನನಗೇ ಗೊತ್ತಿಲ್ಲದ ಅವಮಾನಗಳೆಲ್ಲ ಒಂದೊಂದಾಗಿ ಎದ್ದು ಬರ್ತಿದ್ದರೆ, ನನಗೆ ನಿಜವಾಗಿಯೂ ಕೋಪ ಬರೋಕೆ ಶುರುವಾಯ್ತು!

ಮಾವ ಕೊನೆಗೆ ನನ್ನ ಕೈ ಹಿಡಿದುಕೊಂಡರು. "ಏನ್ ಬೇಕೋ ಬಾಯ್ಬಿಟ್ಟು ಹೇಳಪ್ಪಾ. ಇಲ್ಲ ಅನ್ನಲ್ಲ."

ಇನ್ನು ಸುಮ್ಮನಿದ್ದರೆ ಆಗಲ್ಲ ಅಂತ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ, ಕಚ್ಚಿದ ಹಲ್ಲಿನ ಸಂದಿಯಿಂದಲೇ 'ದವಡೆ' ಅಂದೆ. ಹೊರಗೆ ಬಂದದ್ದು "ದ್ವೂಡ" ಅಂತ.

"ದೂಡ!" ಅಂತ ಅತ್ತೆ ಕೂಗಿದರು. ಇಡೀ ಮನೆಯ ಮುಖ ಬೆಳಗಿತು. ತೆಲುಗಿನಲ್ಲಿ ದೂಡ ಅಂದರೆ ಕರು. "ದೂಡನಾ! ಅಷ್ಟಕ್ಕಾ ಇಷ್ಟು? ಹಿತ್ತಲಲ್ಲೇ ಇದೆಯಲ್ಲಪ್ಪಾ!"

ನಾನು ಗಾಬರಿಯಾಗಿ ದವಡೆ ಮುಟ್ಟಿ ಮುಟ್ಟಿ ತೋರಿಸಿದೆ. "ಹೌದು ಹೌದು, ಅದೇ, ಕೆನ್ನೆ ಮೇಲೆ ಮಚ್ಚೆ ಇರೋದೇ!" ಅಂದರು ಮಾವ. ಅಷ್ಟರಲ್ಲಿ ಕರುವನ್ನೂ ಹಿಡಿದು ತಂದರು, ಹೆಂಡತಿಯೂ ಬಂದಳು. ನಿಜ ಹೇಳೇ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅವಳು ಕರುವನ್ನು ನೋಡಿದಳು, ನನ್ನನ್ನು ನೋಡಿದಳು, ಹತ್ತಿರ ಬಂದು ಪಿಸುಗುಟ್ಟಿದಳು: "ಸುಮ್ನಿರ್ರೀ, ಅದರ ಮೇಲೆ ನನಗೆ ಮೊದಲಿಂದಲೂ ಕಣ್ಣಿತ್ತು."

ಅರಿಶಿನ ಕುಂಕುಮ ಹಚ್ಚಿ ಕರುವನ್ನು ಗೂಡ್ಸ್ ಆಟೋ ಹತ್ತಿಸಿದರು. ಅವತ್ತಿನಿಂದ ಅದು ನಮ್ಮನೆ ಮುಂದೆ ಕಟ್ಟಿಹಾಕಿದೆ. ನಾನು ಜಗಲಿಯಲ್ಲಿ ಕೂತು ಗಂಜಿ ಕುಡಿಯೋವಾಗ ಎದುರಿಗೆ ನಿಂತು, ನನ್ನನ್ನೇ ನೋಡ್ತಾ, ಬೆಳಿಗ್ಗೆಯಿಂದ ಸಂಜೆಯವರೆಗೂ ಮೆಲುಕು ಹಾಕುತ್ತೆ. ಅಷ್ಟು ಚೆನ್ನಾಗಿ ಆಡೋ ದವಡೆ ನಾನು ಇನ್ನೆಲ್ಲೂ ಕಂಡಿಲ್ಲ.

ಮಾಲೂರಿನ ಕಟ್ಟು

ನಮ್ಮ ಮಂಡಿ ಸಾಹುಕಾರರು ಮಾಲೂರಿನವರು. ತಲೆ ಬೋಳು, ಮನಸ್ಸು ಮೆತ್ತಗೆ, ದೇವರು ದಿಂಡರು ಅಂದರೆ ಮುಂದೆ ಬಿದ್ದು ಕೈ ಮುಗಿಯೋ ಜನ. ನನ್ನ ಒದ್ದಾಟ ನೋಡಲಾರದೆ, "ನಮ್ಮ ಕಡೆ ಮೂಳೆ ಕಟ್ಟೋರೊಬ್ಬರಿದ್ದಾರೆ. ಮುರಿದ ಕಾಲನ್ನೇ ಕೂಡಿಸ್ತಾರೆ, ನಿನ್ನ ದವಡೆ ಯಾವ ಲೆಕ್ಕ? ನಡಿ" ಅಂತ ತಾವೇ ಕಾರಲ್ಲಿ ಕರೆದುಕೊಂಡು ಹೋದರು.

ಕಟ್ಟು ಹಾಕೋರು ಬಿಸಿ ಎಣ್ಣೆ ಹಚ್ಚಿ, ದವಡೆಯನ್ನು ಚಪಾತಿ ಹಿಟ್ಟಿನ ಹಾಗೆ ನಾದಿದರು. ನಕ್ಷತ್ರಗಳು ಕಂಡವು. ಆಮೇಲೆ ಬಿಳೀ ಬಟ್ಟೆಯ ಪಟ್ಟಿಯನ್ನು ಗದ್ದದ ಕೆಳಗಿನಿಂದ ತಂದು, ಎರಡೂ ಕೆನ್ನೆಯ ಮೇಲೆ ಹಾಯಿಸಿ, ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದರು. "ನಾನು ಹೇಳೋವರೆಗೂ ಬಾಯಿ ತೆಗೀಬಾರದು" ಅಂದರು. ತೆಗೆಯೋಕೆ ಜಾಗವೆಲ್ಲಿತ್ತು?

ಹಾಗೇ ಮನೆಗೆ ಬಂದೆ. ಮಧ್ಯಾಹ್ನ. ಹೆಂಡತಿ ರಾಗಿ ಹಿಟ್ಟು ಮಾಡಿಸೋಕೆ ಮಿಲ್ಲಿಗೆ ಹೋಗಿದ್ದಳು. ಸುಸ್ತಾಗಿತ್ತು. ಜಗಲಿಯ ಮೇಲೆ ಚಾಪೆ ಹಾಸಿ, ನೊಣದ ಕಾಟಕ್ಕೆ ಬಿಳೀ ಪಂಚೆ ಕುತ್ತಿಗೆವರೆಗೂ ಎಳೆದುಕೊಂಡು ಅಂಗಾತ ಮಲಗಿದೆ. ಕಣ್ಣು ಹತ್ತಿತು.

ಗದ್ದಕ್ಕೆ ಬಟ್ಟೆ ಕಟ್ಟಿ, ಬಿಳೀ ಪಂಚೆ ಹೊದಿಸಿ, ಜಗಲಿಯ ಮೇಲೆ ಅಂಗಾತ ಮಲಗಿಸೋದು ನಮ್ಮ ಕಡೆ ಯಾರನ್ನ ಅಂತ ನಿಮಗೇ ಗೊತ್ತು. ಎದುರುಮನೆ ಅಜ್ಜಿಗೂ ಗೊತ್ತಿತ್ತು.

"ಅಯ್ಯಯ್ಯೋ, ಹೋಗ್ಬಿಟ್ಯಲ್ಲೋ ನನ್ನಪ್ಪಾ!" ಅಂತ ಅವರು ಎದೆ ಬಡಿದುಕೊಂಡ ಸದ್ದಿಗೇ ನನಗೆ ಎಚ್ಚರ ಆದದ್ದು. ಕಣ್ಣು ಬಿಡಬೇಕು ಅನ್ನೋಷ್ಟರಲ್ಲಿ ಕೇರಿಯೇ ಸೇರಿತ್ತು. ಮಾತು ಕಿವಿಗೆ ಬೀಳೋಕೆ ಶುರುವಾಯ್ತು.

"ಎಂಥಾ ಕಂಠ ರೀ! ಕೂಗಿದ್ರೆ ಕೋಲಾರದಿಂದ ಇಲ್ಲಿಗೆ ಕೇಳಿಸ್ತಿತ್ತು."

"ಒಬ್ಬರಿಗೂ ಕೆಟ್ಟದ್ದು ಅಂದವರಲ್ಲ."

ನಿಜ ಹೇಳ್ತೀನಿ, ಏಳೋಕೆ ಮನಸ್ಸೇ ಬರಲಿಲ್ಲ. ಬದುಕಿದ್ದಾಗ ಒಬ್ಬರಾದರೂ ಇಂಥ ಮಾತು ಆಡಿದ್ದರಾ! ಇನ್ನೊಂದು ಸ್ವಲ್ಪ ಕೇಳೋಣ ಅಂತ ಹಾಗೇ ಮಲಗಿದೆ. ಆಗ ಪಕ್ಕದ ಮನೆಯವರ ದನಿ: "ಪಾಪ ಅನ್ಸುತ್ತೆ. ಆದ್ರೂ ಇನ್ಮೇಲೆ ಕೋಳಿ ಕೂಗೋಕೆ ಮುಂಚೆ ಆ ಬೈಕಿನ ಡಬಡಬ ಇರಲ್ಲ ಬಿಡಿ."

ಅಷ್ಟರಲ್ಲಿ ಭಾಯ್ ಒಂದು ದೊಡ್ಡ ಹೂವಿನ ಹಾರ ಹಿಡಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಅವರ ಹಿಂದೆಯೇ ಹಿಟ್ಟಿನ ಡಬ್ಬ ಹೊತ್ತ ನನ್ನ ಹೆಂಡತಿ. ಎಲ್ಲರೂ ದಾರಿ ಬಿಟ್ಟರು. ಅವಳು ಜನರನ್ನು ನೋಡಿದಳು. ನನ್ನನ್ನು ನೋಡಿದಳು. ಡಬ್ಬ ಇಳಿಸಿ, "ರೀ, ಏಳ್ರೀ! ಇಷ್ಟು ಜನ ಬಂದಿದ್ದಾರೆ, ಎದ್ದು ಕಾಫಿಗೆ ಹಾಲು ತರಬಾರದಾ?" ಅಂದಳು.

ನಾನು ಎದ್ದು ಕೂತೆ.

ಆಮೇಲಿನದನ್ನು ವರ್ಣಿಸೋಕಾಗಲ್ಲ. ಇಡೀ ಕೇರಿ ಅರ್ಧ ನಿಮಿಷದಲ್ಲಿ ಖಾಲಿ! ಹೆಂಡತಿ ಬಿಟ್ಟರೆ ಓಡದೆ ನಿಂತವರು ಇಬ್ಬರೇ. ಭಾಯ್ ಬಂದು ಹಾರವನ್ನು ನನ್ನ ಕೊರಳಿಗೇ ಹಾಕಿ, "ಮುಬಾರಕ್ ಹೋ ಭಾಯ್! ಅಂಗಡಿಯವ್ನು ಇದನ್ನ ವಾಪಸ್ ತಗೊಳ್ಳಲ್ಲ" ಅಂತ ತಬ್ಬಿಕೊಂಡರು. ಅಜ್ಜಿ ಮಾತ್ರ ಸೆರಗಲ್ಲಿ ಕಣ್ಣು ಒರೆಸಿಕೊಳ್ತಾ, ಬೇಜಾರೇನೂ ಮಾಡಿಕೊಳ್ಳದೆ ಹೇಳಿದರು: "ಹೋಗ್ಲಿ ಬಿಡು ಮಗಾ. ಅತ್ತಿದ್ದೇನೂ ದಂಡ ಅಲ್ಲ. ಮುಂದಕ್ಕೆ ಜಮಾ ಹಾಕ್ಕೋ."

ದಿನಕ್ಕೆ ಎಷ್ಟು ಸಲ?

ನಗು ಬೇರೆ, ನೋವು ಬೇರೆ. ಒಂದು ಬೆಳಿಗ್ಗೆ ಕ್ರೇಟಿನ ಮೇಲೆ ಹತ್ತಿ ನಿಂತೆ, ಬಾಯಿ ಎರಡು ಬೆರಳು ಹೋಗೋವಷ್ಟೂ ತೆರೆಯಲಿಲ್ಲ. ದನಿಯೇ ಹೊರಡಲಿಲ್ಲ. ಸಾಹುಕಾರರು ಮುಖ ಬೇರೆ ಕಡೆ ತಿರುಗಿಸಿಕೊಂಡು ತಾಯಲೂರಿನ ಕಡೆಯ ಒಬ್ಬ ಹೊಸಬನನ್ನು ಕೂಗೋಕೆ ಹತ್ತಿಸಿದರು. ನಾನು ಟೀ ಅಂಗಡಿಯಲ್ಲಿ ಕೂತು ಬನ್ನು ಅದ್ದಿ ಅದ್ದಿ ನುಂಗುತ್ತಾ, ನನ್ನ ಜಾಗದಿಂದ ಬರ್ತಿದ್ದ ಬೇರೆಯವನ ದನಿ ಕೇಳಿಸಿಕೊಂಡೆ. ಟೀ ಉಪ್ಪಾಯ್ತು. ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸ ಕಲಿಯಲಿ? ನನಗೆ ಬರೋದು ಕೂಗೋದೊಂದೇ.

ಭಾಯ್ ಬಂದು ಪಕ್ಕದಲ್ಲಿ ಕೂತರು. "ನಮ್ಮ ಮನೆಯವ್ಳಿಗೂ ಹೀಗೇ ಆಗಿತ್ತು. ಕೋಲಾರದಲ್ಲೇ ಒಬ್ಬ ಡಾಕ್ಟರಮ್ಮ ಇದ್ದಾರೆ, ಬರೀ ದವಡೆ ಕೀಲನ್ನೇ ನೋಡೋರು. ನಾಳೆ ಹೋಗಿ" ಅಂದರು. ದವಡೆ ಕೀಲಿಗೂ ಒಬ್ಬ ಡಾಕ್ಟರ್! "ಇದನ್ನ ಮೊದಲೇ ಹೇಳೋದಲ್ವಾ?" ಅಂದೆ. "ನೀವು ಮಾತಾಡೋದು ನಿಲ್ಲಿಸಿದ್ದೇ ಇವತ್ತಲ್ವಾ ಭಾಯ್, ನಾನು ಯಾವಾಗ ಹೇಳ್ಲಿ?" ಅಂದರು.

ಹೆಂಡತಿಯೂ ಜೊತೆಗೆ ಬಂದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಡ್ಡಿ ಇಲ್ಲ, ಇಕ್ಕಳ ಇಲ್ಲ. ಎರಡೂ ಕಿವಿಯ ಮುಂದೆ ಬೆರಳಿಟ್ಟು, "ಮೆಲ್ಲಗೆ ಬಾಯಿ ತೆಗೀರಿ, ಮೆಲ್ಲಗೆ ಮುಚ್ಚಿ" ಅಂದರು. 'ಟಕ್' ಅಂತು. ಆ ಸದ್ದು ಕೇಳಿ, ಕಳೆದುಹೋದ ನೆಂಟ ಸಿಕ್ಕಿದ ಹಾಗೆ ತಲೆ ಆಡಿಸಿದರು.

"ನಿದ್ದೇಲಿ ಹಲ್ಲು ಕಡೀತೀರಾ?"

"ಇಲ್ಲಪ್ಪ" ಅಂದೆ.

"ಇಲ್ವಂತೆ!" ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. "ಡಾಕ್ಟ್ರೇ, ನಮ್ಮನೇಲಿ ದಿನಾ ರಾತ್ರಿ ರಾಗಿ ಮಿಷನ್ ಓಡುತ್ತೆ! ಮಹಡಿ ಮೇಲೆ ಬಾಡಿಗೆಗೆ ಇರೋರು ಬಂದು, 'ಅಷ್ಟು ಹೊತ್ತಲ್ಲಿ ಏನ್ ರುಬ್ಬುತೀರಮ್ಮಾ, ಹಬ್ಬಾನಾ?' ಅಂತ ಕೇಳಿದ್ರು. ನಾನು ಮಾನಕ್ಕಂಜಿ ಹೌದು ಅಂದ್ಬಿಟ್ಟೆ!"

ಡಾಕ್ಟರಮ್ಮ ನಗು ತಡೆದುಕೊಂಡು ಎಲ್ಲ ಬಿಡಿಸಿ ಹೇಳಿದರು. ಹಗಲು ಕೂಗಿ ಕೂಗಿ, ರಾತ್ರಿ ಕಡಿದು ಕಡಿದು, ಕೀಲಿಗೂ ಅದರ ಸುತ್ತಲಿನ ಮಾಂಸಖಂಡಕ್ಕೂ ಬಿಡುವೇ ಇಲ್ಲವಂತೆ. ಎಲುಬು ಮುರಿದಿಲ್ಲ, ಕತ್ತರಿ ಹಾಕೋದು ಬೇಡ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳೋಕೆ ಅಳತೆ ತೆಗೆದು ಒಂದು ಅಚ್ಚು ಮಾಡಿಕೊಡ್ತೀನಿ. ಬಿಸಿ ಬಟ್ಟೆಯ ಶಾಖ, ಮೆತ್ತಗಿನ ಊಟ, ದಿನಾ ಬಾಯಿಗೆ ಸಣ್ಣ ವ್ಯಾಯಾಮ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಕೊಡಿ. ಮಂಡಿಯಲ್ಲಿ ಕೂಗಬೇಡಿ, ಮೈಕ್ ಇಟ್ಟುಕೊಳ್ಳಿ. ನಿಧಾನಕ್ಕೆ ಸರಿಹೋಗುತ್ತೆ ಅಂದರು. ಸರಿಹೋಗುತ್ತೆ! ಆ ಒಂದು ಮಾತಿಗೆ ನನಗೆ ಎದ್ದು ಕುಣಿಯೋ ಹಾಗಾಯ್ತು.

"ಮತ್ತೆ," ಅಂದರು ಡಾಕ್ಟರಮ್ಮ, "ಮನೇಲಿ ಆದಷ್ಟು ಮೌನವಾಗಿರಿ."

ಹೆಂಡತಿ ಕೈ ಮುಗಿದಳು. "ಡಾಕ್ಟ್ರೇ, ಇದೊಂದನ್ನ ಮಾತ್ರ ಚೀಟೀಲಿ ಬರ್ಕೊಡಿ. ಊಟಕ್ಕೆ ಮುಂಚೆ, ಊಟ ಆದ್ಮೇಲೆ, ಎರಡೂ ಹೊತ್ತು ಅಂತ ಬರೀರಿ."

ಬೊಟ್ಟು

ಅಚ್ಚು ಬಂತು. ರಾಗಿ ಮಿಷನ್ ನಿಂತಿತು. ಮಹಡಿಯವರು ಬಂದು ಹಬ್ಬ ಮುಗಿಯಿತಾ ಅಂತ ಕೇಳಿ ಹೋದರು. ಕಿವಿಯ ಸೂಜಿ ದಿನಕ್ಕಿಷ್ಟು ಹೊರಗೆ ಬಂತು. ಸಾಹುಕಾರರು ಸೊಂಟಕ್ಕೆ ಕಟ್ಟಿಕೊಳ್ಳೋ ಸ್ಪೀಕರು, ಕಿವಿಗೆ ಸಿಕ್ಕಿಸೋ ಮೈಕು ತರಿಸಿದರು. ನನ್ನ ಕ್ರೇಟಿನ ಮೇಲೆ ಮತ್ತೆ ನಾನೇ ಹತ್ತಿ ನಿಂತೆ! ಪಿಸುಮಾತಿನಲ್ಲಿ ಹರಾಜು ಕೂಗಿದವನು ಇಡೀ ಮಾರುಕಟ್ಟೆಗೆ ನಾನೊಬ್ಬನೇ.

ಇನ್ನೊಂದು ಸಲ ತೋರಿಸೋಕೆ ನಾನೊಬ್ಬನೇ ಹೋದೆ. ಡಾಕ್ಟರಮ್ಮ, "ಹಗಲು ಹೊತ್ತಿನಲ್ಲೂ ನಿಮಗೆ ಗೊತ್ತಾಗದ ಹಾಗೆ ಹಲ್ಲು ಕಚ್ತೀರಿ. ಕಣ್ಣಿಗೆ ಬೀಳೋ ಕಡೆಯೆಲ್ಲ ಬಣ್ಣದ ಒಂದು ಚುಕ್ಕೆ ಅಂಟಿಸಿಕೊಳ್ಳಿ. ಅದನ್ನ ಕಂಡ ತಕ್ಷಣ ತುಟಿ ಮುಚ್ಚಿ, ಹಲ್ಲು ಬಿಡಿ, ನಾಲಿಗೆ ಅಂಗುಳಕ್ಕೆ ತಾಗಿಸಿ, ಸುಮ್ಮನಿರಿ" ಅಂದರು.

ಚುಕ್ಕೆ ಎಲ್ಲಿಂದ ತರೋದು? ಫ್ಯಾನ್ಸಿ ಸ್ಟೋರಿಗೆ ಹೋಗಿ ಹೆಂಗಸರ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಗೊಂಡೆ. ದೊಡ್ಡದು, ಕೆಂಪಗೆ ಕುಂಕುಮದ ಹಾಗಿರೋದು, ದೂರದಿಂದ ಕಾಣಲಿ ಅಂತ. ಬೈಕಿನ ಕನ್ನಡಿಗೆ ಒಂದು, ಫೋನಿಗೆ ಒಂದು, ಕೈಗಡಿಯಾರಕ್ಕೆ ಒಂದು, ಮಂಡಿಯಲ್ಲಿ ನಾನು ನಿಲ್ಲೋ ಜಾಗದ ಎದುರು ಕಂಬಕ್ಕೆ ಒಂದು. ಮನೆಯಲ್ಲಿ ಹೇಳಲಿಲ್ಲ. ಹೇಳೋಕೆ ಮೌನದ ಚೀಟಿ ಅಡ್ಡ ಇತ್ತಲ್ಲ!

ಕೆಲವು ದಿನ ಕಳೆಯಿತು. ನಾನು ಅಚ್ಚು ಹಾಕಿಕೊಂಡು ಮಲಗೋಕೆ ಹೊರಟಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಇಡೋದು ಸಾಸಿವೆ ಕಾಳಿನಷ್ಟು ಸಣ್ಣ ಬೊಟ್ಟು. ಅವಳ ಬೆರಳ ತುದಿಯಲ್ಲಿದ್ದದ್ದು ದೊಡ್ಡ ಕೆಂಪು ಬೊಟ್ಟು.

"ಬೈಕಿನ ಕನ್ನಡೀಲಿತ್ತು. ಯಾರ ಹಣೆಯಿಂದ ಬಂತು ಇದು?"

ಡಾಕ್ಟರಮ್ಮ ಹೇಳಿದ್ದು ಅಂತ ಹೇಳಬೇಕು. ಬಾಯಿ ತುಂಬ ಅಚ್ಚು. "ದಾಕ್ತರಮ್ಮ..." ಅನ್ನೋವರೆಗೆ ಬಂತು, ಅಲ್ಲಿಗೆ ಜೊಲ್ಲು ಅಡ್ಡ ಬಂತು.

"ಡಾಕ್ಟರಮ್ಮನದಾ!" ಅಂದಳು. ಮನೆ ತಾರಸಿ ಹಾರಲಿಲ್ಲ ಅನ್ನೋದೇ ಹೆಚ್ಚು. ಅಚ್ಚು ತೆಗೆದು ಎಲ್ಲಾ ವಿವರಿಸಿದೆ. ಚುಕ್ಕೆ, ತುಟಿ, ಹಲ್ಲು, ನಾಲಿಗೆ. ಹೇಳ್ತಾ ಹೇಳ್ತಾ ನನಗೇ ಅದು ಕಟ್ಟುಕತೆ ಅನ್ನಿಸಿತು. ಅವಳು ಕೇಳಿ ಮುಗಿಸಿ, "ಕಂಬಕ್ಕೂ ಅಂಟಿಸಿದ್ದೀರಾ? ಸರಿ. ಬೆಳಿಗ್ಗೆ ನಾನೂ ಮಂಡಿಗೆ ಬರ್ತೀನಿ. ಆ ಕಂಬ ನೋಡಬೇಕು" ಅಂದಳು.

ಬಂದಳು. ನಾನು ಧೈರ್ಯವಾಗಿ ಕಂಬದ ಹತ್ತಿರ ಕರೆದುಕೊಂಡು ಹೋದೆ. ಹೋದವನು ಅಲ್ಲೇ ನಿಂತುಬಿಟ್ಟೆ.

ಹಿಂದಿನ ದಿನ ಮಂಡಿಗೆ ರಜೆ ಇತ್ತು. ಆ ಬಿಡುವಿನಲ್ಲಿ ಏನೇನೋ ಆಗಿತ್ತು. ಕಂಬಕ್ಕೆ ಅರಿಶಿನ ಬಳಿದಿದ್ದರು. ನನ್ನ ಬೊಟ್ಟಿನ ಸುತ್ತ ಚೆಂಡು ಹೂವಿನ ಹಾರ. ಕೆಳಗೆ ಊದುಬತ್ತಿ, ಒಡೆದ ತೆಂಗಿನಕಾಯಿ, ಬಾಳೆಹಣ್ಣಿನ ಬದಲು ದಪ್ಪ ದಪ್ಪ ಟೊಮೇಟೊ! ರೈತರು ಚಪ್ಪಲಿ ಬಿಟ್ಟು ಸಾಲಾಗಿ ನಿಂತು ಕೈ ಮುಗೀತಿದ್ದಾರೆ. ಮುಂದೆ ನಿಂತು ಮಂಗಳಾರತಿ ಎತ್ತುತ್ತಿರೋರು ಯಾರು ಅಂದ್ರೆ ನಮ್ಮ ಬೋಳುತಲೆಯ ಸಾಹುಕಾರರು!

"ಯಾವ ದೇವರು ಇದು?" ಅಂತ ಹೆಂಡತಿ ಕೇಳಿದಳು.

"ನಮ್ಮನ್ನ ಕೇಳ್ತೀರಾ ತಾಯಿ!" ಸಾಹುಕಾರರ ಕಣ್ಣಲ್ಲಿ ನೀರು. "ನಿಮ್ಮ ಯಜಮಾನ್ರೇ ಸ್ಥಾಪನೆ ಮಾಡಿದ್ದು! ಎಷ್ಟು ದಿನದಿಂದ ನೋಡ್ತಿದ್ದೀನಿ, ಕಂಬದ ಕಡೆ ಕಣ್ಣು ಬಿದ್ದ ಕೂಡಲೇ ತುಟಿ ಮುಚ್ಚಿ ಧ್ಯಾನಕ್ಕೆ ಹೋಗ್ತಾರೆ. ಒಳಗೊಳಗೇ ಮಂತ್ರ. ಆಮೇಲೆ ಮೆಲ್ಲಗೆ ಬಾಯಿ ತೆಗೀತಾರೆ, ಮೆಲ್ಲಗೆ ಮುಚ್ತಾರೆ. ಹಾಗೆ ಮಾಡ್ತಾ ಮಾಡ್ತಾನೇ ಅವರ ದವಡೆ ವಾಸಿಯಾಯ್ತು. ಅದಕ್ಕೇ ದವಡೆಮ್ಮ ಅಂತ ಹೆಸರಿಟ್ವಿ!"

ಹಿಂದೆ ನಿಂತಿದ್ದ ಭಾಯ್ ನನ್ನ ಕಿವಿಯಲ್ಲಿ, "ಸುಮ್ನಿರಿ ಭಾಯ್, ವ್ಯಾಪಾರ ಚೆನ್ನಾಗಿ ನಡೀತಾ ಇದೆ" ಅಂದರು.

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸಾಲನ್ನು ದಾಟಿಕೊಂಡು ಮುಂದೆ ಹೋದಳು. ಎಲ್ಲರೂ ಕೈ ಮುಗಿದುಕೊಂಡು ನೋಡ್ತಿದ್ದ ಹಾಗೇ, ಉಗುರಲ್ಲಿ ಮೀಟಿ ಕಂಬದ ಬೊಟ್ಟನ್ನು ಕಿತ್ತಳು. ತನ್ನ ಸಾಸಿವೆ ಬೊಟ್ಟಿನ ಮೇಲೇ ಅದನ್ನು ಒತ್ತಿಕೊಂಡಳು. ತಿರುಗಿ ನನ್ನ ಮುಂದೆ ಬಂದು ನಿಂತಳು.

"ಇಷ್ಟು ದಿನ ಕಂಬಕ್ಕೆ ಕೈ ಮುಗಿದಿದ್ದು ಸಾಕು. ಏನಾದ್ರೂ ಹೇಳೋದಿದೆಯಾ?"

ಇತ್ತು. ಬೇಕಾದಷ್ಟಿತ್ತು. ಆದರೆ ಅಷ್ಟು ಹತ್ತಿರದಲ್ಲಿ, ಅಷ್ಟು ಕೆಂಪಗೆ, ಆ ಬೊಟ್ಟು ಕಂಡಿತು ನೋಡಿ: ತುಟಿ ತಾನಾಗೇ ಮುಚ್ಚಿಕೊಂಡಿತು, ಹಲ್ಲು ಬಿಟ್ಟುಕೊಂಡಿತು, ನಾಲಿಗೆ ಹೋಗಿ ಅಂಗುಳಕ್ಕೆ ಅಂಟಿಕೊಂಡಿತು. ಮೂಕನ ಹಾಗೆ ನಿಂತೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬೊಟ್ಟು ಮುಟ್ಟಿ ನೋಡಿಕೊಂಡಳು. ಮತ್ತೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲಾ ಅರ್ಥವಾಯ್ತು. ಮದುವೆಯಾದ ದಿನವೂ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ಈಗ ನನ್ನ ದವಡೆ ಗುಣವಾಗಿದೆ. ಟಕ್ಕೂ ಇಲ್ಲ, ನೋವೂ ಇಲ್ಲ. ಡಾಕ್ಟರಮ್ಮ ಇನ್ನು ಚುಕ್ಕೆ ಬೇಕಾಗಿಲ್ಲ, ತೆಗೆದುಬಿಡಿ ಅಂದಿದ್ದಾರೆ. ಬೈಕಿನದು ಮೊದಲೇ ಹೋಗಿತ್ತು, ಫೋನಿನದು ತೆಗೆದೆ, ಗಡಿಯಾರದ್ದೂ ತೆಗೆದೆ. ಹೆಂಡತಿ ಮಾತ್ರ ಪ್ಯಾಕೆಟ್ಟಿನ ಮೇಲೆ ಪ್ಯಾಕೆಟ್ ತರಿಸ್ತಾ ಇದ್ದಾಳೆ.